ಹನ್ನೊಂದು ತಿಂಗಳ ನೋಟಿಸು

"ಸ್ವಲ್ಪ ದಾರಿ ಬಿಡ್ತೀರಾ?"

ಕೋರ್ಟಿನ ಮೆಟ್ಟಿಲ ಮೇಲೆ ಫೈಲು ಅವಚಿಕೊಂಡು ನಿಂತಿದ್ದ ವಕೀಲೆ ತಲೆಯೆತ್ತಿದಳು. ಎದುರಿಗೆ ಅವನು! ಹನ್ನೊಂದು ತಿಂಗಳ ಹಿಂದೆ, 'ನಮ್ಮ ಮದುವೆ ಮಾತು ಇಲ್ಲಿಗೆ ಮುಗೀತು' ಎಂದು ಬರೆದ ಚೀಟಿಯನ್ನು ಯಾರ ಮುಖಕ್ಕೆ ಎಸೆದಿದ್ದಳೋ, ಅವನೇ.

ಹಾಳಾದ ಎದೆ... ಈಗಲೇ ಹೀಗೆ ಹೊಡೆದುಕೊಳ್ಳಬೇಕೇ?

"ಸಿಮೆಂಟ್ ಕಂಪನಿ ವಕೀಲರ ಹತ್ರ ನನಗೆ ಮಾತಿಲ್ಲ," ಎಂದಳು.

ಪಕ್ಕದಲ್ಲಿದ್ದ ಅವಳ ಅಜ್ಜಿಗೆ ಅದೆಲ್ಲ ಲೆಕ್ಕವೇ ಇಲ್ಲ. "ಏನು ಅಳಿಯಂದ್ರೇ, ಸೊರಗಿಬಿಟ್ಟಿದ್ದೀರಿ!"

"ಅಜ್ಜೀ!"

ಅರ್ಜಿ ಹಾಕಿದ್ದು ಈ ಅಜ್ಜಿಯೇ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಒಣಹಾಕಿದ ಬಿಳಿ ದಿಂಬಿನ ಚೀಲ ಸಂಜೆಗೆ ಬೂದಿ ಬಣ್ಣ.

ಭೂಮಿ ಬಿಸಿಯಾಗುವುದನ್ನು ತಡೆಯಲು ಹೊಗೆಗೆ ಮಿತಿ ಹಾಕುತ್ತೇವೆಂದು ಸರ್ಕಾರ ಬೇರೆ ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದ ಇರುವಷ್ಟು ದಿನ ಜಾರಿಯಲ್ಲಿರುವ ಕಾಯ್ದೆಯನ್ನೂ ತಂದಿತ್ತು. ಹನ್ನೊಂದು ತಿಂಗಳ ಹಿಂದೆ ಅದೇ ಸರ್ಕಾರ, 'ನಾವು ಹೊರಬರುತ್ತೇವೆ' ಎಂದು ನೋಟಿಸು ಕೊಟ್ಟಿತು. ಮರುದಿನವೇ ಕಂಪನಿ ಆ ಮಿತಿ ಮೀರಿ ಎರಡನೇ ಚಿಮಣಿ ಹೊತ್ತಿಸಿತು. ಅದೇ ವಾರ ಅವನು ಆ ಕಂಪನಿಯ ವಕೀಲನಾದ. ಯಾಕೆಂದು ಅವಳು ಕೇಳಲೂ ಇಲ್ಲ. ಸಿಟ್ಟು ಕೇಳಗೊಡಲಿಲ್ಲ.

ಒಳಗೆ ಅವಳ ದನಿ ಗೋಡೆಗೆ ಬಡಿಯಿತು. "ನೋಟಿಸು ಕೊಟ್ಟ ಕೂಡಲೇ ಒಪ್ಪಂದ ಮುರಿಯೋದಿಲ್ಲ ಮೇಡಂ! ಒಂದು ವರ್ಷ ತುಂಬಬೇಕು ಅಂತ ಅದರಲ್ಲೇ ಇದೆ. ಅಲ್ಲೀವರೆಗೆ ಕಾಯ್ದೆನೂ ಇದೆ!"

ನ್ಯಾಯಾಧೀಶೆ ಅವನತ್ತ ತಿರುಗಿದರು. "ನೀವೇನಂತೀರಿ? ಸುತ್ತಿ ಬಳಸಬೇಡಿ."

ಕಂಪನಿಯ ಮ್ಯಾನೇಜರ್ ಹಿಂದಿನಿಂದ ಅವನ ಕೋಟು ಜಗ್ಗಿದ.

ಈಗ ಸುಳ್ಳು ಹೇಳ್ತಾನೆ... ಹೇಳೇ ಹೇಳ್ತಾನೆ...

"ಅವರು ಹೇಳಿದ್ದು ಸರಿ ಮೇಡಂ. ಇನ್ನೊಂದು ತಿಂಗಳು ಒಪ್ಪಂದ ಜಾರಿಯಲ್ಲಿರುತ್ತೆ."

ಅವಳ ಕೈಯಿಂದ ಪೆನ್ನು ಜಾರಿತು.

"ಹಾಗಾದರೆ ಆ ಚಿಮಣಿ ಕಾನೂನು ಮೀರಿ ಹೊತ್ತಿದ್ದು," ಎಂದರು ನ್ಯಾಯಾಧೀಶೆ. "ಇವತ್ತೇ ಆರಿಸಿ. ಮತ್ತೆ ಹೊತ್ತಿಸಬೇಕಾದರೆ, ಆ ಬೀದಿಯವರ ಮಾತು ಕೇಳಿ ಹೊಸ ಅನುಮತಿ ತನ್ನಿ."

ಅಜ್ಜಿ ಚಪ್ಪಾಳೆ ತಟ್ಟಿ ಬೈಸಿಕೊಂಡರು.

ಹೊರಗೆ ಅವಳು ಅವನ ಹಿಂದೆ ಓಡಿದಳು. "ನಿನ್ನ ಕೆಲಸ?"

"ಹೋಯ್ತು. ಮ್ಯಾನೇಜರ್ ಫೈಲು ಕಿತ್ಕೊಂಡ," ಅವನು ನಕ್ಕ. "ಒಳಗಿರೋನು ಹೇಳಿದ್ರೆ ಕೇಳ್ತಾರೆ ಅಂತ ಸೇರ್ದೆ. ಚಿಮಣಿ ಆರಿಸಿ ಅಂತ ಮೊದಲನೇ ದಿನಾನೇ ಹೇಳಿದ್ದೆ."

"ನನಗೆ ಹೇಳಬಾರದಿತ್ತಾ?"

"ಬಾಯಿ ತೆಗೆಯೋಕೆ ಬಿಟ್ಯಾ?"

ಅವನು ಜೇಬಿನಿಂದ ಮಡಿಸಿದ ಚೀಟಿ ತೆಗೆದ. ಅವಳದೇ ಅಕ್ಷರ!

"ಈ ನೋಟಿಸಿಗೂ ಇನ್ನೂ ವರ್ಷ ಆಗಿಲ್ಲ, ವಕೀಲರೇ. ನಿಮ್ಮ ವಾದದ ಪ್ರಕಾರ..."

ಅವಳ ಕಣ್ಣು ತುಂಬಿತು. ಜೊತೆಗೇ ನಗುವೂ ಬಂತು.

"ಒಂದು ಅಂಶ ಬಿಟ್ರಿ. ವರ್ಷ ತುಂಬೋಕೆ ಮುಂಚೆ, ನೋಟಿಸು ಕೊಟ್ಟೋರೇ ಅದನ್ನ ವಾಪಸ್ ತಗೋಬಹುದು. ಕೊಡು ಇಲ್ಲಿ!"

ಚೀಟಿ ನಾಲ್ಕು ಚೂರಾಯಿತು.

"ವಾದ ಮುಗೀತಾ?" ಮೆಟ್ಟಿಲಿನಿಂದ ಅಜ್ಜಿ ಕೂಗಿದರು. "ಮಂಡಿ ನೋಯ್ತಿದೆ. ಕೈ ಹಿಡ್ಕೊಳ್ಳಿ ಅಳಿಯಂದ್ರೇ!"

ಅವನು ಅಜ್ಜಿಗೆ ಒಂದು ಕೈ ಕೊಟ್ಟ. ಇನ್ನೊಂದನ್ನು ಅವಳು ಕೇಳದೆಯೇ ಹಿಡಿದುಕೊಂಡಳು.

"ಮತ್ತೆ ಸಿಟ್ಟು ಬಂದ್ರೆ?" ಎಂದು ಮೆಲ್ಲಗೆ ಕೇಳಿದ.

"ಒಂದು ವರ್ಷ ಮುಂಚೆ ತಿಳಿಸ್ತೀನಿ... ಅಷ್ಟರಲ್ಲಿ ಇಳಿದುಹೋಗಿರತ್ತೆ ಬಿಡು!"