ಕೆಂಚಿಯ ಉಸಿರು

ಕೆಂಚಿ ಗಿರಣಿಯ ಬಟ್ಟಲಿಗೆ ಮೂತಿಯಿಟ್ಟು ಉಸಿರು ಬಿಟ್ಟಿತು. ಗೋಡೆಗೆ ಒರಗಿದ್ದ ಗಿರಣಿ ಒಂದು ಗಳಿಗೆ ಯೋಚಿಸಿದಂತೆ ಸುಮ್ಮನಿದ್ದು, ಮೆಕ್ಕೆಜೋಳವನ್ನು ನುಚ್ಚಾಗಿ ಒಡೆದು, ಹತ್ತಿಕಾಳಿನ ಹಿಂಡಿ, ಕಡಲೆ ಹೊಟ್ಟು, ಉಪ್ಪು ಬೆರೆಸಿ, ಕೊನೆಗೆ ಬೆಲ್ಲದ ದೊಡ್ಡ ಉಂಡೆಯನ್ನೇ ಪುಡಿಮಾಡಿ ಸುರಿಯಿತು.

“ಮತ್ತ ಬೆಲ್ಲ,” ಎಂದ ಈರಣ್ಣ. “ಬಾಣಂತನ ಆಕಳದೋ, ಗಿರಣೀದೋ?”

ಅವನ ಹೆಂಡತಿ ಸಾವಂತ್ರವ್ವ ನಗಲಿಲ್ಲ. ಹೊಸದಾಗಿ ಕರು ಹಾಕಿದ ಕೆಂಚಿಯ ಸಗಣಿ ಬೆಲ್ಲ ಹೆಚ್ಚಾಗಿ ನೀರಾಗಿತ್ತು. ಹೊಲದ ಕಳೆಯನ್ನು ಯಂತ್ರಗಳೇ ಕೀಳುತ್ತಿದ್ದ ಆ ಕಾಲದಲ್ಲೂ ಊರಿನ ದನಗಳಿಗೆಲ್ಲ ಒಂದೇ ಚೀಲದ ಆಹಾರ. ಅವಳ ಹೊಲದ ಕಾಳನ್ನೇ ಬೀಸಿ, ಒಂದೊಂದು ದನಕ್ಕೂ ಅದರದರ ಪಾಲು ಬೆರೆಸುತ್ತಿದ್ದ ಗಿರಣಿ ಇದೊಂದೇ. ಅದು ಪರೀಕ್ಷೆಗೆಂದು ಕೊಟ್ಟದ್ದು. ಲೆಕ್ಕ ತಪ್ಪುತ್ತಿದ್ದರೆ, ಅದನ್ನು ಕಂಡುಹಿಡಿದು ಈಗ ನೋಡಲು ಬಂದಿದ್ದ ದನದ ಡಾಕ್ಟರ್ ನಸ್ರೀನ್ ಇವತ್ತೇ ಬಿಚ್ಚಿಕೊಂಡು ಹೋಗುವವಳಿದ್ದಳು.

ಹೊಟ್ಟೆಗೆ ಸಾಲದಾದಾಗ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಆಗ ಉಸಿರಿಗೆ ಮಾಗಿದ ಹಣ್ಣಿನಂಥ ಸಣ್ಣ ವಾಸನೆ ಬರುತ್ತದೆ. ನಮ್ಮ ಮೂಗಿಗೆ ಸಿಗದ ಅದನ್ನು ಗಿರಣಿ ಹಿಡಿದು ಬೆಲ್ಲ ಹಾಕುತ್ತಿತ್ತು.

“ಇದರ ಹೊಟ್ಟಿ ನೋಡಿದ್ರ ನಗಾರಿ ಆಗೈತಿ,” ಎಂದಳು ನಸ್ರೀನ್. “ಗಿರಣಿ ಮಾತ್ರ ಉಪವಾಸ ಐತಿ ಅಂತೈತಿ. ಉಸಿರು ಹೆಂಗ ಹಿಡಸ್ತೀರಿ, ತೋರಸ್ರಿ ಅಕ್ಕಾ.”

ಸಾವಂತ್ರವ್ವ ಬಟ್ಟಲು ಹಿಡಿದು ಕೆಂಚಿಯ ಹಣೆಗೆ ಹಣೆ ಹಚ್ಚಿದಳು. “ಊದವ್ವ, ನನ್ನವ್ವ... ಹಿಂಗ...” ಎನ್ನುತ್ತ ತಾನೂ ಬಟ್ಟಲಿಗೇ ಊದಿದಳು. ಕೂಸಿಗೆ ತುತ್ತು ಕೊಡುವಾಗ ತಾಯಿಯ ಬಾಯಿ ತಾನಾಗಿ ತೆರೆದುಕೊಳ್ಳುತ್ತದಲ್ಲ, ಹಾಗೆ.

ನಸ್ರೀನ್ ದುಪಟ್ಟಾ ಬಾಯಿಗೊತ್ತಿ ನಗತೊಡಗಿದಳು. “ಗಿರಣಿ ಸರಿ ಐತ್ರಿ. ನೀವು ಮುಂಜಾನಿಂದ ಏನ್ ತಿಂದೀರಿ?”

“ಚಾ ಕುಡದೀನಲ್ಲ.”

“ನಿನ್ನೆ ರಾತ್ರಿ?”

“ನಿನ್ನೆ... ತಡೀರಿ. ಕರಾ ಹಾಲು ಕುಡೀತು, ಇವ್ರು ಉಂಡ್ರು, ಹುಡುಗ್ರು ಉಂಡ್ರು...” ಮುಂದಿನದು ನೆನಪಾಗಲಿಲ್ಲ.

“ಹಂಗಾರ ಆ ಬೆಲ್ಲ ನಿನಗಂತ ಹಾಕಿದ್ದು,” ಎಂದು ಈರಣ್ಣ ಮೆತ್ತಗೆ ಹೇಳಿ ಒಳಗೆ ಹೋದ. ರೊಟ್ಟಿಯ ಮೇಲೆ ಬೆಣ್ಣೆ, ಬೆಲ್ಲ ಇಟ್ಟುಕೊಂಡು ಬಂದ.

ಈ ಸಲ ಕೆಂಚಿಯೊಂದೇ ಊದಿತು. ಗಿರಣಿ ಬೆಲ್ಲ ಹಾಕಲಿಲ್ಲ. ದನದ ಮನೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿಯುತ್ತಿದ್ದ ಸಾವಂತ್ರವ್ವ, ಪಾಲು ಕೇಳಲು ಬಂದ ಮೂತಿಯನ್ನು ತಳ್ಳಿದಳು. “ಇಷ್ಟ ದಿನಾ ನನ್ನ ಪಾಲೂ ನೀನ ತಿಂದಿ. ಸರಿ ಆಚೆ.”

ಗಿರಣಿ ಅಲ್ಲೇ ಉಳಿಯಿತು. ಮುಂದೆ ನಸ್ರೀನ್ ದನದ ಉಸಿರಷ್ಟೇ ಸೇರುವ ಹೊಸ ಬಟ್ಟಲು ಮಾಡಿದಳು. ಊರಿನವರು ಹಳೆಯದೂ ಇರಲಿ ಎಂದು ಉಳಿಸಿಕೊಂಡರು. ಮಕ್ಕಳು ಸಂಜೆ ಅದನ್ನು ಹಿಡಿದುಕೊಂಡು, ಊದು, ಊದು ಎಂದು ಅವ್ವಂದಿರ ಬೆನ್ನು ಹತ್ತುತ್ತಿದ್ದರು.

ಅದಕ್ಕೂ ಹಿಂದಿನ ಕಾಲದಲ್ಲಿ, ಎಂದರೆ ನಮ್ಮ ಈ ಕಾಲದಲ್ಲಿ, ಅಂಥ ಬಟ್ಟಲು ಇರಲಿಲ್ಲ. ‘ನೀ ಉಂಡೀಯೇನು?’ ಎಂದು ಬಾಯಿಬಿಟ್ಟೇ ಕೇಳಬೇಕಿತ್ತು.