ಭಂಡಾರದ ಮೇಲೊಂದು ಕೆಂಪು ಹೆಬ್ಬೆಟ್ಟು

"ಧಾರವಾಡ ಜಿಲ್ಲಾದಾಗ ನಾ ಹಿಡೀಲಾರದ ಕಳ್ಳ ಇನ್ನೂ ಹುಟ್ಟಿಲ್ಲ, ದಾವಲಬಿ. ಪೊಲೀಸರ ನಾಯಿ ಸೈತ ನನ್ನ ಹಂತ್ಯಾಕ ಬಂದು ಮೂಸೂದು ಕಲ್ತು ಹೋಗೈತಿ," ಎಂದಳು ಗುಡ್ಡವ್ವ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಅರ್ಧ ಸುಳ್ಳು, ತಗೋ. ನಾಯಿ ಬಂದಿಲ್ಲ. ಕಳ್ಳನ್ನ ಹಿಡದದ್ದು ಮಾತ್ರ ಖರೇ," ಎಂದು ಸೇರಿಸಿದಳು.

ದಾವಲಬಿಗೆ ನಗು ಬರಲಿಲ್ಲ. ಮಗಳ ಬಾಣಂತನ ಮುಗಿಸಿ ಈಗಷ್ಟೇ ರಾಯಾಪುರದ ಸ್ಟಾಪಿನಲ್ಲಿ ಬಸ್ ಇಳಿದು, ನೇರ ಗುಡ್ಡವ್ವನ ಮನೆಗೆ ಬಂದಿದ್ದಳು. ಚೀಲ ಇನ್ನೂ ಕೈಯಲ್ಲೇ ಇತ್ತು.

"ನಮ್ಮ ಬಡೇಸಾಬನ್ನ ನಿನ್ನ ಮಗ ಕಳ್ಳ ಅಂದ್ನಂತಲ್ಲ? ಬಸ್ಸಿನ್ಯಾಗ ಮಂದಿ ಆಡಿಕೊಳ್ಳಾಕತ್ತಿದ್ರು. ನನ್ನ ತಮ್ಮಗ ಇರೂದು ಒಂದ ಹೆಸರು. ಅದು ಹೋದ್ರ ಅಂವನ ಅಂಗಡಿಗೆ ನೊಣ ಸೈತ ಬರೂದಿಲ್ಲ. ಮದ್ಲ ಅದನ್ನ ಹೇಳಕ್ಕಾ."

"ಅಂದಾ. ಕಾಲರ್ ಸೈತ ಹಿಡದಾ. ಕುಂಡ್ರು. ಚಾ ಕುಡಿ. ಹೇಳ್ತೇನಿ."

ಹೋದ ಭಾನುವಾರ, ಇಳಿಹೊತ್ತು. ಮನೆ ಮುಂದೆ ನಿಂತಿದ್ದ ಲಾರಿಯ ಕ್ಯಾಬಿನ್ನಿನೊಳಗಿಂದ ಹುಲಗೇಶ ಚೀರಿದ:

"ಯವ್ವಾ! ಡಬ್ಬಿ ಇಲ್ಲ!"

ಡಬ್ಬಿ ಎಂದರೆ ಆಂಪ್ಲಿಫೈಯರ್, ಸದ್ದು ಹೆಚ್ಚಿಸುವ ಯಂತ್ರ. ಹತ್ತು ವರ್ಷ ಮಂದಿಯ ಲಾರಿ ಹೊಡೆದು, ಕಡೆಗೊಮ್ಮೆ ಹುಲಗೇಶ ಸ್ವಂತದ್ದೊಂದು ಹಳೆಯ ಲಾರಿ ಕೊಂಡಿದ್ದ. ತಾರಿಹಾಳದಿಂದ ಕಬ್ಬಿಣದ ಸಾಮಾನು ಹೇರಿಕೊಂಡು ಪುಣೆಯ ತನಕ ಹೋಗುವ ಕೆಲಸ. ದಾರಿಯಲ್ಲಿ ಕಣ್ಣು ಎಳೆಯಬಾರದೆಂದು ಜೋರಾದೊಂದು ಸೌಂಡು ಬೇಕೆಂದು ಹಟ ಹಿಡಿದಿದ್ದ.

ಅದರ ಹಿಂದಿನ ವಾರವೆಲ್ಲ ಬಡೇಸಾಬನ ರೇಡಿಯೊ-ಸ್ಪೀಕರ್ ಅಂಗಡಿಯಲ್ಲಿ ಹೆಣ್ಣು ನೋಡುವ ಶಾಸ್ತ್ರವೇ ನಡೆದಿತ್ತು. ಹುಲಗೇಶನಿಗೆ ಹದಿನೈದು ಇಂಚಿನ ಸಬ್‌ವೂಫರ್ ಬೇಕು, ಎದೆಗೆ ತಾಕುವಂಥ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆ. ಬಡೇಸಾಬ ಒಪ್ಪಲಿಲ್ಲ.

"ನಿಂದು ಲಾರಿಯೋ, ಟಾಕೀಜೋ? ಹನ್ನೆರಡು ಇಂಚು ಸಾಕು. ಅದಕ್ಕ ತಕ್ಕ ಆಂಪ್ಲಿಫೈಯರ್ ಕಟ್ಟೂನು. ನೊಗದ ಒಂದ ಕಡೆ ಹೋರಿ, ಇನ್ನೊಂದ ಕಡೆ ಕರಾ ಕಟ್ಟಿದ್ರ ಗಾಡಿ ಹೋಗತೈತೇನು? ಡಬ್ಬಿ ಬಡಕಲಾದ್ರ ಒದರಿ ಒದರಿ ತಾನ ಸುಡತೈತಿ. ಡಬ್ಬಿ ಸೊಕ್ಕಿದ್ರ ಪೆಟ್ಟಿಗಿ ಎದಿ ಒಡೀತೈತಿ. ಜೋಡಿ ಅಂದ್ರ ಜೋಡಿ."

"ಲಾರಿ ಬ್ಯಾಟ್ರಿಗೆ ನೇರ ಹಚ್ಚಿಬಿಡೂದಲ್ಲ?"

"ಲಾರಿದು ಇಪ್ಪತ್ನಾಕು ವೋಲ್ಟು, ಇದಕ್ಕ ಹನ್ನೆರಡ ಸಾಕು. ನಡುವ ವೋಲ್ಟು ಇಳಸೂದೊಂದು ಹಾಕ್ತೇನಿ. ಇಲ್ಲಂದ್ರ ಊದಿನಕಡ್ಡಿ ಆಗತೈತಿ."

ಪರೀಕ್ಷೆಗೆ ಕುಳಿತವಳು ಗುಡ್ಡವ್ವ. ಒಂದೊಂದು ಪೆಟ್ಟಿಗೆಯ ಮೇಲೂ ಅಂಗೈ ಊರಿ ಕಣ್ಣು ಮುಚ್ಚುವಳು. ಒಂದಕ್ಕೆ, "ಇದು ಕೆಮ್ಮತೈತಿ," ಎಂದಳು. ಇನ್ನೊಂದಕ್ಕೆ, "ಇದು ನಮ್ಮ ಬೀಗತಿ, ಬರೇ ಗದ್ದಲ," ಎಂದಳು. ಮತ್ತೊಂದರ ಮೇಲೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ. ಸದ್ದು ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಹತ್ತಿತು. ಕಿವಿಗೆ ಕೇಳುವ ಸದ್ದಲ್ಲ ಅದು. ನೆಲದೊಳಗೆ ಯಾರೋ ನಡೆದು ಬರುತ್ತಿದ್ದಂತೆ. ಹೆಗಲಿಗೆ ಡೊಳ್ಳು ಹಾಕಿಕೊಂಡು ನಡೆಯುವಾಗ ಗಂಡ ಮೈಲಾರಪ್ಪನ ಹೆಜ್ಜೆ ಹಾಗೇ ಇರುತ್ತಿತ್ತು. ಅವನು ಹೋದ ಮೇಲೆ ಆ ಸದ್ದು ಈ ಎದೆಯೊಳಗೆ ಬಂದಿರಲಿಲ್ಲ.

"ಇದು," ಎಂದಳು. ಕಣ್ಣು ಒರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಳು.

ಬಾಗಿಲಲ್ಲಿ ನಿಂತು ತಂಬಾಕು ತಿಕ್ಕುತ್ತಿದ್ದ ತಮ್ಮ ಶಿದ್ದಪ್ಪ ನಕ್ಕ. ತಾರಿಹಾಳದ ವರ್ಕ್‌ಶಾಪಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. "ಅಕ್ಕಗ ಅರಳುಮರಳು. ಗುಡುಗನ್ನ ಯಾರರ ಅಂಗಡ್ಯಾಗ ಕೊಳ್ತಾರೇನು? ಥೂ, ಹುಚ್ಚರ ಸಂತಿ."

"ಜೀವ ಎಲ್ಲಾ ಈ ಡಬ್ಬ್ಯಾಗ ಐತಿ, ಕಾಕಾ," ಎಂದು ಬಡೇಸಾಬ ಆಂಪ್ಲಿಫೈಯರ್ ತಟ್ಟಿದ. "ಇದಿಲ್ಲಂದ್ರ ಪೆಟ್ಟಿಗಿ ಮೂಕ ಬಸವ."

ಭಾನುವಾರ ಬೆಳಗ್ಗೆ ಜೋಡಿ ಲಾರಿಗೇರಿತು. ಸೀಟಿನ ಹಿಂದೆ ಸಬ್‌ವೂಫರಿನ ಪೆಟ್ಟಿಗೆ, ಅದರ ಮಗ್ಗುಲಿಗೇ ಸ್ಕ್ರೂ ಹಾಕಿ ಕೂರಿಸಿದ ಡಬ್ಬಿ. ಗುಡ್ಡವ್ವ ಮೈಲಾರಲಿಂಗನ ಹೆಸರು ಹೇಳಿ ಎರಡಕ್ಕೂ ಸೇರಿಸಿ ಭಂಡಾರ ಬಳಿದಳು, ಮನೆದೇವರ ಅರಿಶಿನದ ಪುಡಿ. ಮೊದಲ ಹಾಡಿಗೆ ನವಲೂರಿನ ತೋಟಗಳಲ್ಲಿ ಪೇರಲ ಹಣ್ಣು ಉದುರಿದವು ಎಂದು ಅವಳು ಇಂದಿಗೂ ಹೇಳುತ್ತಾಳೆ.

ಆಮೇಲೆ ಬಡೇಸಾಬನನ್ನೂ ಕೂರಿಸಿಕೊಂಡು ಹೋಳಿಗೆ ಊಟ. ಹೋಳಿಗೆ ತಿಂದ ಮೇಲೆ ರಾಯಾಪುರವೇ ಮಲಗಿತೇನೋ ಎಂಬಂಥ ನಿದ್ದೆ. ಹುಲಗೇಶ ಪಡಸಾಲೆಯಲ್ಲಿ, ಲಾರಿಯ ಎರಡನೇ ಡ್ರೈವರ್ ಮುತ್ತು ಬೇವಿನ ನೆರಳಲ್ಲಿ, ಶಿದ್ದಪ್ಪ ಕಟ್ಟೆಯ ಮೇಲೆ. ಗುಡ್ಡವ್ವನ ಕನಸಿನಲ್ಲಿ ಮೈಲಾರಪ್ಪ ರಸ್ತೆಯ ನಡುವೆ ಡೊಳ್ಳು ಬಾರಿಸುತ್ತ ಬರುತ್ತಿದ್ದ. ಬಸ್ಸುಗಳು ಸದ್ದಿಲ್ಲದೆ ಅವನನ್ನು ಸುತ್ತಿಕೊಂಡು ಹೋಗುತ್ತಿದ್ದವು. ಇನ್ನೇನು ಹೊಸ್ತಿಲಿಗೆ ಬಂದ, ಅಷ್ಟರಲ್ಲಿ ಮಗ ಚೀರಿದ್ದ.

ಅವಳು ಲಾರಿ ಹತ್ತಿ ನೋಡಿದಳು. ಪೆಟ್ಟಿಗೆ ಇತ್ತು. ವೋಲ್ಟು ಇಳಿಸುವುದೂ ಇತ್ತು. ಡಬ್ಬಿ ಒಂದೇ ಮಾಯ. ತಂತಿ ಕತ್ತರಿಸಿಲ್ಲ, ನೀಟಾಗಿ ಬಿಚ್ಚಿದ್ದಾರೆ. ಪೆಟ್ಟಿಗೆಯ ಮೇಲಿನ ಹಳದಿ ಭಂಡಾರದಲ್ಲಿ ಒಂದು ಕೆಂಪು ಹೆಬ್ಬೆಟ್ಟಿನ ಗುರುತು.

"ಇದೇನಲೇ ಕೆಂಪಗ?"

"ಕುಂಕುಮ ಇರಬೇಕು ಬೇ! ಈಗ ಅದನ್ನೇನ ನೋಡ್ತಿ? ಸ್ಕ್ರೂ ಬಿಚ್ಚೂದು ಯಾರಿಗೆ ಬರತೈತಿ? ಎಲ್ಲಾರೂ ಮಲಗಿದ್ದಾಗ ಎದ್ದು ಹೋದಾಂವ ಯಾರು? ಬಡೇಸಾಬ!"

ತಡೆಯುವಷ್ಟರಲ್ಲಿ ಓಡಿದ. ಬಡೇಸಾಬನನ್ನು ಕಾಲರ್ ಹಿಡಿದು ಎಳೆದು ತಂದ. ಹಿಂದೆ ಅರ್ಧ ಓಣಿ. ಗದ್ದಲ ಕೇಳಿ ಹಿತ್ತಲಾಚೆಯ ತನ್ನ ಮನೆಯಿಂದ ಶಿದ್ದಪ್ಪನೂ ಬಂದ.

"ಸ್ಟೇಶನ್ನಿಗೆ ನಡಿ!"

"ಬಿಡಲೇ ಅಂವನ್ನ," ಎಂದಳು ಗುಡ್ಡವ್ವ. "ಮದ್ಲ ನನ್ನ ಸ್ಟೇಶನ್. ಬಡೇಸಾಬ, ಊಟ ಮಾಡಿ ಎದ್ದು ಯಾಕ ಹೋದಿ?"

"ಅಂಗಡಿ ತಗೀಬೇಕಿತ್ತಕ್ಕಾ. ಗಿರಾಕಿ ಬರಾಂವ ಇದ್ದ."

"ಬಾಯಾಗ ಏನು?"

"ಲವಂಗ. ಹಲ್ಲು ನೋವು."

"ಮುತ್ತೂ, ಲಾರಿ ಕೀಲಿ ಯಾರ ಕಡೆ ಇತ್ತು?"

"ನನ್ನ ಕಡೆ, ಆಯಿ. ಆದ್ರ ಎಡಗಡೆ ಬಾಗಲಕ್ಕ ಕೀಲಿ ಎಲ್ಲೈತಿ? ಒದ್ರ ತಗೀತೈತಿ. ಓಣ್ಯಾಗಿನ ನಾಯಿಗೂ ಗೊತ್ತು."

"ನೀ ಏನ ತಿಂತಿ?"

"ಬರೇ ಬೀಡಿ."

"ಯವ್ವಾ, ಕಳ್ಳನ್ನ ಹುಡುಕ್ತೀಯೋ, ಹಲ್ಲಿನ ಡಾಕ್ಟರ್ ಆಗೀಯೋ?" ಎಂದು ಹುಲಗೇಶ ಕೂಗಿದ.

ಗುಡ್ಡವ್ವ ಒಳಗೆ ಹೋಗಿ ತಟ್ಟೆಯಲ್ಲಿ ಭಂಡಾರ ತಂದಳು. ಅದರ ಮೇಲೆ ನೀರು ಚಿಮುಕಿಸಿದಳು.

"ಎಲ್ಲಾರೂ ಹೆಬ್ಬೆಟ್ಟು ಒತ್ತಿ ಆಣಿ ಮಾಡ್ರಿ. ಕಳ್ಳನ ಬೆರಳಿಗೆ ಮೈಲಾರಲಿಂಗ ರಕ್ತ ತೋರಸ್ತಾನ."

ಓಣಿಯ ಮಂದಿ ತಟ್ಟೆಯ ಸುತ್ತ ಮುತ್ತಿದರು. ಹುಲಗೇಶ ಒತ್ತಿದ. ಹಳದಿ. ಮುತ್ತು ಒತ್ತಿದ. ಹಳದಿ. ಬಡೇಸಾಬ ಮುಂದೆ ಬಂದ. "ದೇವ್ರು ಯಾರಾದ್ರೇನಕ್ಕಾ, ಖರೇ ಅನ್ನೂದು ಒಂದ," ಎಂದು ಒತ್ತಿದ. ಹಳದಿ!

"ಶಿದ್ದೂ, ನೀನೂ ಒತ್ತು."

"ನಾ ಯಾಕ? ನಾ ಆ ಡಬ್ಬಿ ನೋಡಿ ಉಗುಳಿದಾಂವ."

"ಒತ್ತು."

ಒತ್ತಿದ. ಹೆಬ್ಬೆಟ್ಟಿನಡಿಯ ಭಂಡಾರ ನೋಡನೋಡುತ್ತ ರಕ್ತದ ಹಾಗೆ ಕೆಂಪಾಯಿತು. ಹೆಂಗಸರು ಕೈ ಮುಗಿದರು. ಶಿದ್ದಪ್ಪ ಅಲ್ಲೇ ಕುಸಿದು ಕುಳಿತ.

"ಏಳೋ, ಏಳು. ದೇವ್ರಿಗೆ ಐತವಾರ ನೂರು ಕೆಲಸ ಇರತಾವು, ನಿನ್ನ ಹಿಡಿಯಾಕ ಬಂದಿಲ್ಲ," ಎಂದಳು ಗುಡ್ಡವ್ವ. "ಆರತಿಗೆ ಓಕುಳಿ ಹ್ಯಾಂಗ ಮಾಡ್ತಾರ? ಅರಿಶಿಣದ ನೀರಿಗೆ ಒಂದೀಟು ಸುಣ್ಣ. ಕೆಂಪಗಾಗತೈತಿ. ನಮ್ಮ ಮನ್ಯಾಗ ಗಾಡಿಗೆ ಭಂಡಾರ ಬಿಟ್ರ ಕುಂಕುಮ ಹಚ್ಚೂದ ಇಲ್ಲ. ಹಂಗಾರ ಆ ಕೆಂಪು ಎಲ್ಲಿಂದ ಬಂತು? ಬೆವರಿನ ಹೆಬ್ಬೆಟ್ಟಿನ್ಯಾಗ ಸುಣ್ಣ ಇದ್ದಾಂವ ಪೆಟ್ಟಿಗಿ ಒತ್ತಿ ಹಿಡದು ಸ್ಕ್ರೂ ಬಿಚ್ಚ್ಯಾನ. ಇಲ್ಲಿ ದಿನಾ ತಂಬಾಕಕ್ಕ ಸುಣ್ಣ ತಿಕ್ಕಾಂವ ಒಬ್ಬನ. ಮತ್ತ ಬಡೇಸಾಬ ಕದ್ದಿದ್ರ ಜೋಡಿ ಬಿಟ್ಟು ಬರೇ ಡಬ್ಬಿ ಒಯ್ಯತಿದ್ನೇನು? ಜೋಡಿ ಮುರೀಬಾರದು ಅಂದಾಂವನ ಅಂವ! ಡಬ್ಬ್ಯಾಗ ಜೀವ ಐತಿ ಅಂದದ್ದನ್ನ ಖರೇ ತಿಳಕೊಂಡಾಂವ ಮಾತ್ರ ಬರೇ ಡಬ್ಬಿ ಒಯ್ತಾನ."

ಹುಲಗೇಶನ ಮುಖ ಇಳಿಯಿತು. "ತಪ್ಪಾತಣ್ಣಾ," ಎಂದು ಇಡೀ ಓಣಿಯ ಮುಂದೆ ಬಡೇಸಾಬನ ಕೈ ಹಿಡಿದ.

"ಕೈ ಬಿಡು, ಕಾಲರ್ ಜಗ್ಗಿದಾಗ ಕಿತ್ತ ಗುಂಡಿ ಹುಡುಕಿ ಕೊಡು," ಎಂದ ಬಡೇಸಾಬ.

"ಯಾಕ ಒಯ್ದ್ಯೋ ಶಿದ್ದೂ?"

ಶಿದ್ದಪ್ಪ ಅಂಗಿಯ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದ. "ಭಾವಾಂದು, ಅಕ್ಕಾ. ಅಂವ ಡೊಳ್ಳು ಬಾರಿಸಿದ್ದು. ಬಾಜೂಕ ನಾ ತಾಳ ಹಾಕೇನಿ. ಮನ್ಯಾಗಿನ ಟೇಪಿನ್ಯಾಗ ಹಾಕಿದ್ರ ಬರೇ ಟಕಟಕ ಅಂತೈತಿ, ಯಾರೋ ತಗಡು ಬಡದಂಗ. ಅದನ್ನ ನಿನಗ ಕೇಳಸಾಕ ಮನಸ್ಸಾಗಲಿಲ್ಲ. ಅವತ್ತು ಅಂಗಡ್ಯಾಗ ನೀ ಕಣ್ಣು ಒರಸಿಕೊಂಡಿದ್ದು ನೋಡ್ದೆ. ಮದ್ಲ ನಾ ಕೇಳಿ, ಸರಿ ಬಂದ್ರ ನಿನ್ನ ಕರಿಯೂನು ಅಂದ್ಕೊಂಡೆ. ಎಲ್ಲಾರ ಮುಂದ ಉಗುಳಿ ಹೋದಾಂವ, ಕೇಳಾಕ ಬಾಯಿ ಬರಲಿಲ್ಲ. ಹಳೇ ಬ್ಯಾಟ್ರಿಗೆ ಹಚ್ಚಿದೆ. ಡಬ್ಬಿ ದೀಪ ಹತ್ತೇತಿ, ಮಾತ ಇಲ್ಲ."

"ನೊಗ ಒಯ್ದು ಎತ್ತು ಬಿಟ್ಟು ಹೋದ್ರ ಇನ್ನೇನು?" ಎಂದ ಬಡೇಸಾಬ. ಯಾರ ಅಪ್ಪಣೆಗೂ ಕಾಯದೆ ಹೋಗಿ ಡಬ್ಬಿ ತಂದ. ಜೋಡಿಯನ್ನು ಮತ್ತೆ ಜೋಡಿಸಿದ. ಕ್ಯಾಸೆಟ್ ಕೈಗೆ ಬಂದಾಗ ಒರೆಸಿ, ಲಾರಿಯ ಹಳೆಯ ಟೇಪಿನೊಳಗೆ ತಳ್ಳಿದ.

ಗುಡ್ಡವ್ವ ಇಲ್ಲಿಗೆ ಮಾತು ನಿಲ್ಲಿಸಿ ರಸ್ತೆಯ ಕಡೆ ನೋಡಿದಳು. ದಾವಲಬಿಯ ಚಹಾ ತಣ್ಣಗಾಗಿತ್ತು. ಚೀಲ ಯಾವಾಗಲೋ ಕೆಳಗಿಳಿದಿತ್ತು.

"ಆಮ್ಯಾಲೆ?"

"ಆಮ್ಯಾಲೆ ಏನು. ನಾ ಪೆಟ್ಟಿಗಿ ಮ್ಯಾಲೆ ಅಂಗೈ ಇಟ್ಟೆ. ಕಣ್ಣು ಮುಚ್ಚಿದೆ. ಇಲ್ಲೀತನಕ ಅರ್ಧ ಖರೇ, ಅರ್ಧ ಸುಳ್ಳು ಹೇಳೇನಿ. ಮುಂದಿಂದು ನೀನ ಹೇಳು ದಾವಲಬಿ, ಹೊಸ್ತಿಲಕ್ಕ ಯಾರು ಬಂದ್ರು?"