ತೆರೆದೇ ಇದ್ದ ಬಾಗಿಲು

"ಬಾಗಿಲು ಮುಚ್ಚಬೇಡಿ!"

ಆ ದನಿಗೆ ರೋಸ್‌ವಿತಾಳ ಕೈ ಹಿಡಿಕೆಯ ಮೇಲೇ ಮರಗಟ್ಟಿತು. ಹ್ಯಾಂಬರ್ಗಿನ ಹೊಸ ವಿಮಾನ ಕಂಪನಿಗೆ ಕೆಲಸ ಕೇಳಿಕೊಂಡು ಬಂದಿದ್ದಳು. ಮೇಜಿನ ಹಿಂದೆ ಕೂತಿದ್ದವನು ನಿರ್ದೇಶಕ ಲೋಥಾರ್ ಬ್ರೆಂಡೆಕೆ.

ಇದೇ ದನಿ...

ಹತ್ತು ವರ್ಷದ ಹಿಂದೆ, ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ. ರಷ್ಯನ್ ಸೈನ್ಯ ಹತ್ತಿರವಾಗುತ್ತಿದ್ದ ಕೋನಿಗ್ಸ್‌ಬರ್ಗಿನ ಹಿಮದಲ್ಲಿ, ಕೊನೆಯ ವಿಮಾನದಿಂದ "ಇನ್ನು ಜಾಗವಿಲ್ಲ!" ಎಂದು ಕೂಗಿ, ಅವಳ ಮತ್ತು ಅಮ್ಮನ ಮುಖದ ಮೇಲೇ ಬಾಗಿಲು ಎಳೆದುಕೊಂಡವನು ಇವನೇ. ನಡೆದೇ ಹೊರಟ ಅಮ್ಮ ದಾರಿಯಲ್ಲೇ ಉಳಿದುಹೋದಳು.

'ಇವನಿಗೆ ನೆನಪೂ ಇಲ್ಲ!'

ಹತ್ತಿರದಿಂದ ದ್ವೇಷಿಸಲೆಂದೇ ಕೆಲಸಕ್ಕೆ ಸೇರಿದಳು.

"ಸಾಹೇಬ್ರು ವಿಮಾನದ ಟಿಕೆಟ್ ಮಾರ್ತಾರೆ, ಓಡಾಡೋದು ರೈಲಲ್ಲಿ!" ಟೆಲಿಫೋನ್ ನೋಡಿಕೊಳ್ಳುವ ಶ್ರೀಮತಿ ಪೋಲ್ ನಗುತ್ತಿದ್ದಳು. "ತಾನು ಮಾಡಿದ ಸಾರು ತಾನೇ ಮುಟ್ಟದ ಅಡುಗೆಯವಳ ಹಾಗೆ! ಆ ಬಾಗಿಲು ಬೇರೆ ಯಾವಾಗ್ಲೂ ತೆರೆದೇ ಇರುತ್ತೆ. ಗಾಳಿಗೆ ನನ್ನ ಮೊಣಕಾಲು ಹಿಡ್ಕೊಂಡಿದೆ ಕಣೇ!"

ಮೂರು ತಿಂಗಳಲ್ಲಿ ರೋಸ್‌ವಿತಾ ಬೇರೇನನ್ನೋ ಕಂಡಳು. ಅವಳು ಕೆಮ್ಮಿದರೆ ಲೋಥಾರನೇ ಬಿಸಿ ಕಾಫಿ ತಂದಿಡುತ್ತಿದ್ದ. ಹಿಮ ಬಿದ್ದ ದಿನ ಮಾತ್ರ ಕಿಟಕಿಯತ್ತ ಬೆನ್ನು ಹಾಕಿ ಕೂರುತ್ತಿದ್ದ.

ಕಂಪನಿಯ ಮೊದಲ ಹಾರಾಟದ ಬೆಳಗ್ಗೆ ಅವನು ವಿಮಾನ ಹತ್ತದಿದ್ದರೆ ಹುದ್ದೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಏಣಿಯ ಬುಡದಲ್ಲಿ ಅವನ ಕಾಲು ಏಳಲೇ ಇಲ್ಲ. ಕಂಪನಿಯ ಹಿರಿಯರು ಒಳಗೆ ಕಾಯುತ್ತಿದ್ದರು.

ಅವಳೇ ಹತ್ತಿರ ಬಂದಳು. "ನಾನ್ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತು... ನೀಲಿ ಮಫ್ಲರ್. ಅಮ್ಮನ ಕೈ ಹಿಡ್ಕೊಂಡಿದ್ರಿ. ನೀವು ಕೆಲಸ ಕೇಳೋಕೆ ಬಂದ ದಿನಾನೇ ಗುರುತಾಯ್ತು. ಹೇಳೋ ಧೈರ್ಯ ಬರ್ಲಿಲ್ಲ."

"ಅಮ್ಮ ಬದುಕಲಿಲ್ಲ."

ಅವನು ತನ್ನ ಕೈ ನೋಡಿಕೊಂಡ. "ಇನ್ನೊಬ್ಬರು ಹತ್ತಿದ್ರೂ ವಿಮಾನ ಏಳ್ತಿರ್ಲಿಲ್ಲ. ಆದ್ರೂ... ಬಾಗಿಲು ಎಳೆದಿದ್ದು ಈ ಕೈ. ಅದಕ್ಕೇ ಆಮೇಲೆ ಯಾವ ವಿಮಾನನೂ ಹತ್ತಲಿಲ್ಲ, ಯಾವ ಬಾಗಿಲೂ ಮುಚ್ಚಲಿಲ್ಲ."

"ಹತ್ತು ವರ್ಷ ಈ ಕೈಗೆ ಶಾಪ ಹಾಕಿದೀನಿ ಲೋಥಾರ್." ಅವಳು ಇನ್ನೂ ಹತ್ತಿರ ಬಂದಳು. "ಈಗ ಇದೇ ಕೈ ಒಂದಿನ ಕಾಣದಿದ್ರೆ ಜೀವ ಹೋದ ಹಾಗಾಗುತ್ತೆ. ನಾನೇನು ಮಾಡ್ಲಿ, ನೀವೇ ಹೇಳಿ!"

ಅವನು ಕೈ ಚಾಚಿದ. ಇಬ್ಬರೂ ಹತ್ತಿದರು.

ಪರಿಚಾರಕಿ ಬಾಗಿಲ ಬಳಿ ಕಾದಳು. "ಮುಚ್ಚಲಾ, ಡೈರೆಕ್ಟರ್?"

ಅವನು ಹೊರಗಿನ ಖಾಲಿ ಹುಲ್ಲುಗಾವಲನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಅಲ್ಲಿ ಯಾರು ನಿಂತಿದ್ದಾರೆಂದು ಅವಳಿಗೂ ಗೊತ್ತಿತ್ತು.

"ರೋಸ್‌ವಿತಾ... ನಿಮ್ಮ ಅಮ್ಮ?"

"ಅವಳು ಎಲ್ಲಿಗೂ ಹೋಗಲ್ಲ. ನಮ್ಮ ಜೊತೆನೇ ಇರ್ತಾಳೆ." ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಬಿಗಿದಳು. "ಮುಚ್ಚಲಿ ಬಿಡಿ. ಈ ಸಲ ನಾನು ಒಳಗಿದ್ದೀನಿ."